ಏಳು ಸ್ಥಾನದ ಪ್ರಧಾನಿ

ಪಶ್ಚಿಮ ಆಫ್ರಿಕದ ಟೋಗೋ ದೇಶದ ಎಡೆಂ ಕೋಜೋ ಮೇಧಾವಿ. ಅದರಲ್ಲಿ ತಕರಾರಿಲ್ಲ. ಫ್ರಾನ್ಸಿನಲ್ಲಿ ಆಡಳಿತ ಶಾಸ್ತ್ರ ಕಲಿತು ಬಂದವರು. ಅರ್ಥಮಂತ್ರಿ, ವಿದೇಶಾಂಗ ಮಂತ್ರಿ, 1978ರಿಂದ 1983ರವರೆಗೆ ಆಫ್ರಿಕನ್ ಐಕ್ಯ ಸಂಘಟನೆಯ ಮಹಾಕಾರ್ಯದರ್ಶಿ. 1982ರಲ್ಲಿ ಪಶ್ಚಿಮ ಸಹಾರದ ಹೋರಾಟಗಾರರ ಗಣರಾಜ್ಯಕ್ಕೆ ಆ ಸಂಘಟನೆಯಲ್ಲಿ ಕುರ್ಚಿ ಹಾಕಿಸಿದವರು ಅವರೇ. ಮೊರಾಕ್ಕೋ ದೊರೆ ಕೆಂಡವಾದ, ಸಂಘಟನೆಯೇ ಸೀಳುವ ಹಾಗಾಯಿತು, ಕೋಜೋ ಜಗ್ಗಲಿಲ್ಲ. ಅದನ್ನು ಮೆಚ್ಚೋಣ. ಪರಊರಿನ ಸಭೆಯಲ್ಲಿ ಇಷ್ಟು ಎದೆಗಾರಿಕೆ ತೋರಿದವರು ತಮ್ಮ ಮನೆಯಂಗಳದಲ್ಲಿ ಮಾಡಿದ್ದೇನು?

1967ರಲ್ಲಿ ಬಂದೂಕಿನ ಬಲದಿಂದ ಗದ್ದುಗೆಯೇರಿದ ಎಯಾಡೆಮಾ 1969ರಲ್ಲಿ ದೇಶಕ್ಕೆಲ್ಲ ಒಂದೇ ಪಕ್ಷ ಕಟ್ಟಿದ. ಅದರ ಮೊದಲ ಪ್ರಧಾನ ಕಾರ್ಯದರ್ಶಿ ಇದೇ ಕೋಜೋ. ಮುಂದೆ ಜನ ಎದ್ದು ನಿಂತರು. 1992ರ ನವೆಂಬರಿನಲ್ಲಿ ಆರಂಭವಾದ ಸಾರ್ವತ್ರಿಕ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. 1993ರ ಜನವರಿಯಲ್ಲಿ ಲೋಮೆ ನಗರದಲ್ಲಿ ಮೆರವಣಿಗೆಯ ಮೇಲೆ ಗುಂಡು ಹಾರಿತು. ಲಕ್ಷಗಟ್ಟಲೆ ಜನ ಘಾನಾಕ್ಕೂ ಬೆನಿನ್‌ಗೂ ಓಡಿದರು. ಅಷ್ಟರಲ್ಲಿ ಕೋಜೋ ವಿರೋಧಿ ಪಾಳಯದ ನಾಯಕರಾಗಿದ್ದರು.

1994ರ ಫೆಬ್ರವರಿಯಲ್ಲಿ ಚುನಾವಣೆಯಾಯಿತು. 81 ಸ್ಥಾನಗಳಲ್ಲಿ ಅಗ್ಬೋಯಿಬೋ ಅವರ ಪಕ್ಷಕ್ಕೆ 36, ಮಿತ್ರಪಕ್ಷವಾದ ಕೋಜೋ ಪಕ್ಷಕ್ಕೆ 7. ನ್ಯಾಯಾಲಯ ಇವರ ಮೂರು ಸ್ಥಾನಗಳನ್ನು ರದ್ದು ಮಾಡಿತು. ಆದರೂ ಉಳಿದ 78ರಲ್ಲಿ ಇಬ್ಬರದೂ ಸೇರಿ 40! ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ಬಂದವನು ನಾನು. 36 ದೊಡ್ಡದೋ 7 ದೊಡ್ಡದೋ ಎಂದರೆ ಎರಡನೇ ತರಗತಿಯ ಹುಡುಗನೂ ತಡವರಿಸುವುದಿಲ್ಲ. ಎಯಾಡೆಮಾನ ಲೆಕ್ಕವೇ ಬೇರೆ. ಏಪ್ರಿಲಿನಲ್ಲಿ ಆತ ಏಳರವನನ್ನು ಕರೆದು ಪ್ರಧಾನಿಗಿರಿ ಕೊಟ್ಟ. ಏಳರವರು ಹೋಗಿ ಕುಳಿತರು. ಅಗ್ಬೋಯಿಬೋ ಪಕ್ಷ ಸರ್ಕಾರ ಸೇರಲು ಒಪ್ಪಲಿಲ್ಲ. ಗುಂಡಿಗೆ ಎದೆಯೊಡ್ಡಿದ ಜನ ಗೆಲ್ಲಿಸಿಕೊಟ್ಟ ಬಹುಮತ ಒಂದೇ ಮಧ್ಯಾಹ್ನದಲ್ಲಿ ಕರಗಿಹೋಯಿತು.

ಒಳಗೆ ಹೋದರೆ ತಾನೆ ಸರಿಪಡಿಸಲು ಸಾಧ್ಯ ಎಂದು ಅವರ ಪರ ವಾದಿಸುವವರಿದ್ದಾರೆ. ಸರಿ, ಸರಿಪಡಿಸಿದ್ದೇನು? ಸೈನ್ಯ ಎಯಾಡೆಮಾನ ಕೈಯಲ್ಲೇ ಉಳಿಯಿತು. ಕೋಜೋ ಸರ್ಕಾರ ನಿಂತದ್ದೇ ಆತನ ಪಕ್ಷದ ಊರುಗೋಲಿನ ಮೇಲೆ. 1996ರ ಆಗಸ್ಟಿನಲ್ಲಿ ರದ್ದಾಗಿದ್ದ ಮೂರು ಸ್ಥಾನಗಳ ಮರುಚುನಾವಣೆಯಲ್ಲಿ ಮೂರೂ ಎಯಾಡೆಮಾ ಪಕ್ಷದ ಪಾಲಾದವು. ಊರುಗೋಲು ಜಾರಿತು, ಕೋಜೋ ರಾಜೀನಾಮೆ ಬರೆದರು.

ಪಾಠ ಕಲಿತರೇ? 2005ರ ಫೆಬ್ರವರಿಯಲ್ಲಿ ಎಯಾಡೆಮಾ ಸತ್ತ. ಸೈನ್ಯ ಮಗ ಫೋರೆಯನ್ನು ಕೂರಿಸಿತು. ಏಪ್ರಿಲಿನ ಚುನಾವಣೆಯ ರಕ್ತಪಾತದಲ್ಲಿ ಸತ್ತವರು 400ರಿಂದ 500 ಎಂದು ವಿಶ್ವಸಂಸ್ಥೆಯ ತನಿಖೆಯೇ ಅಂದಾಜು ಮಾಡಿತು. ಆ ರಕ್ತ ಆರುವ ಮುನ್ನ, ಜೂನಿನಲ್ಲಿ, ಮಗನ ಪ್ರಧಾನಿಯಾದವರೂ ಕೋಜೋ! 2006ರ ಸೆಪ್ಟೆಂಬರಿನಲ್ಲಿ ಅವರನ್ನಿಳಿಸಿ ಅದೇ ಕುರ್ಚಿಗೆ ಕರೆದದ್ದು ಯಾರನ್ನು? ಹಿಂದೆ ಮೋಸಹೋದ ಅಗ್ಬೋಯಿಬೋ ಅವರನ್ನೇ. ಅವರೂ ಹೋದರು. ಹೀಗಾಗಿ ಕೋಜೋ ಒಬ್ಬರನ್ನೇ ಬೈದು ನಾನು ಕೈತೊಳೆದುಕೊಳ್ಳುವುದಿಲ್ಲ.

ಕೋಜೋ 2020ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 2024ರಲ್ಲಿ ಟೋಗೋ ಸಂವಿಧಾನ ಬದಲಾಯಿತು; ರಾಷ್ಟ್ರಾಧ್ಯಕ್ಷನ ಅಧಿಕಾರವೆಲ್ಲ ಮಂತ್ರಿಮಂಡಲದ ಮುಖ್ಯಸ್ಥನಿಗೆ ಬಂತು. ಆ ಕುರ್ಚಿಗೆ ನಿಜವಾದ ಬಲ ಬಂದಾಗ ವಿರೋಧ ಪಕ್ಷದ ಯಾರನ್ನೂ ಕರೆಯಲಿಲ್ಲ. 2025ರ ಮೇ ತಿಂಗಳಲ್ಲಿ ಫೋರೆ ತಾನೇ ಹೋಗಿ ಕುಳಿತ.