ಥೆರಪಿ ಕೇಂದ್ರದ ಬೋರ್ಡು ನೋಡಿ ಮರುಳಾಗದಿರೋಣ

ಎರಡೂವರೆ ವರ್ಷವಾದರೂ ಮಗು ಮಾತನಾಡುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ‘ಕೆಲವು ಮಕ್ಕಳಿಗೆ ಮಾತು ತಡ, ಕಾಯೋಣ’ ಎನ್ನುತ್ತಾರೆ ಮನೆಯ ಹಿರಿಯರು. ಕೊನೆಗೊಮ್ಮೆ ವೈದ್ಯರು ‘ಆಟಿಸಂ’ ಎಂದಾಗ ಹೆತ್ತವರ ಕಾಲಕೆಳಗಿನ ನೆಲ ಕುಸಿಯುತ್ತದೆ. ಆ ಗಾಬರಿಯಲ್ಲಿ ಮೊದಲು ಕಂಡ ಥೆರಪಿ ಕೇಂದ್ರಕ್ಕೆ ಓಡುವವರು, ಚಿನ್ನ ಅಡವಿಟ್ಟು ಮುಂಗಡ ಕಟ್ಟುವವರು ನಮ್ಮ ನಡುವೆ ಇದ್ದಾರೆ. ಆದ್ದರಿಂದ ಕೇಂದ್ರವನ್ನು ಆರಿಸುವ ಬಗೆ ನಾವೆಲ್ಲರೂ ತಿಳಿದಿರಬೇಕಾದ ವಿಷಯ.

ಮೊದಲನೆಯದು ಅರ್ಹತೆ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟರು ಹಾಗೂ ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವುದು ಅವಮಾನವಲ್ಲ, ಹೆತ್ತವರ ಹಕ್ಕು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಮಾಡುವವರಲ್ಲಿ ಅವರ ಪದವಿ ಯಾವುದೆಂದು ವಿಚಾರಿಸಬೇಕು.

ಎರಡನೆಯದು ಕೆಲಸದ ಕ್ರಮ. ಮಗುವನ್ನು ಪರೀಕ್ಷಿಸುವ ಮೊದಲೇ ‘ಪ್ಯಾಕೇಜ್’ ಹೇಳುವ ಕೇಂದ್ರ ಬೇಡ. ಮೂರು ತಿಂಗಳಲ್ಲಿ ಮಗು ಏನನ್ನು ಕಲಿಯಬೇಕು? ತಾನೇ ಲೋಟ ಹಿಡಿದು ಕುಡಿಯುವುದೇ, ಬೇಕಾದುದನ್ನು ಕೈ ತೋರಿಸಿ ಕೇಳುವುದೇ? ಇದನ್ನು ಬರೆದು ಕೊಡಬೇಕು. ನಿಗದಿತ ಸಮಯಕ್ಕೆ ಹೆತ್ತವರೊಂದಿಗೆ ಕುಳಿತು ಪರಿಶೀಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯದು. ಥೆರಪಿಸ್ಟರ ಬಳಿ ಮಗು ಇರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಅದು ಮನೆಯವರ ಜೊತೆ. ಊಟ, ಸ್ನಾನ, ಆಟದ ವೇಳೆ ಏನು ಮಾಡಬೇಕೆಂದು ಅಪ್ಪ ಅಮ್ಮನಿಗೆ ಕಲಿಸದೆ, ಬಾಗಿಲು ಮುಚ್ಚಿ ಹೊರಗೆ ಕೂರಿಸುವ ಕೇಂದ್ರ ಎಷ್ಟೇ ಹೆಸರುವಾಸಿಯಾದರೂ ಅಷ್ಟಕ್ಕಷ್ಟೆ. ಎರಡು ಬಸ್ಸು ಬದಲಿಸಿ ದಣಿದ ಮಗುವಿಗೆ ದೂರದ ದೊಡ್ಡ ಕೇಂದ್ರಕ್ಕಿಂತ ಹತ್ತಿರದ ಪ್ರಾಮಾಣಿಕ ಕೇಂದ್ರವೇ ಲೇಸು.

‘ಪೂರ್ತಿ ಗುಣಪಡಿಸುತ್ತೇವೆ’ ಎಂಬ ಮಾತು ಕೇಳಿದರೆ ಎದ್ದು ಬರಬೇಕು. ಆಟಿಸಂ ಅನ್ನು ಇಲ್ಲವಾಗಿಸುವ ಔಷಧಿಯಿಲ್ಲ. ಕಾಂಡಕೋಶ ಚಿಕಿತ್ಸೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅಂಗೀಕೃತ ರಕ್ತಸಂಬಂಧಿ ಕಾಯಿಲೆಗಳ ಹೊರತು ಬೇರೆಡೆ ಅದನ್ನು ಸಂಶೋಧನಾ ಪ್ರಯೋಗವಾಗಿ ಮಾತ್ರ ನಡೆಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಹಣವಿಲ್ಲದವರಿಗೂ ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆಯಿದೆ, ಸೇವೆ ಉಚಿತ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿದರೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಗೆ ಅರ್ಜಿ ಹಾಕಬಹುದು. ಥೆರಪಿ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ.

ಕೊನೆಗೆ ನಮ್ಮ ಮಾತು. ‘ತಾಯಿ ಮೊಬೈಲ್ ಕೊಟ್ಟು ಹೀಗಾಯಿತು’ ಎಂದು ಆಡಿಕೊಳ್ಳುವುದು ಸುಲಭ. ಅದರ ಬದಲು ವಾಳೆಯ ಗುರಿಕಾರರೋ, ನೆರೆಮನೆಯವರೋ ಆ ತಾಯಿಯ ಜೊತೆ ಒಂದು ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಬಾರದೇ? ಅರ್ಜಿ ತುಂಬಲು ನೆರವಾಗಬಾರದೇ? ಮಗುವಿಗೆ ಕಳೆದುಹೋಗುವ ಪ್ರತಿ ತಿಂಗಳೂ ಬೆಲೆಯುಳ್ಳದ್ದು.