ಇನ್ನೊಂದು ಡಾಲರ್ ಸೇರಿಸಿದರೆ ಸಾಲದು

ಚೆನ್ನೈನ ಸಿ-ಡ್ಯಾಕ್ ಕೇಂದ್ರ ರೂಪಿಸಿದ ಬಾಸ್ ಲಿನಕ್ಸ್ 2007ರಲ್ಲಿ ಹೊರಬಂತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆ ಅದು. ಅದರ ಬುನಾದಿ ಡೆಬಿಯನ್. ಡೆಬಿಯನ್ ನಿಯಮದ ಪ್ರಕಾರ ಪ್ರತಿ ಸೋರ್ಸ್ ಪ್ಯಾಕೇಜಿನಲ್ಲೂ 'ರೂಲ್ಸ್' ಎಂಬ ಕಡತ ಇರಲೇಬೇಕು, ಮತ್ತು ಆ ಕಡತ ಒಂದು ಮೇಕ್‌ಫೈಲ್ ಆಗಿರಬೇಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ 'ಮೇಕ್' ಎಂಬ ಸಾಧನ ಅರ್ಧ ಶತಮಾನದ ನಂತರವೂ ಹೀಗೆ ತೆರೆಮರೆಯಲ್ಲಿ ದುಡಿಯುತ್ತಿದೆ. ಅದನ್ನು ಕಲಿಸುವ ರೀತಿಯಲ್ಲಿ ಮಾತ್ರ ಒಂದು ಹಳೆಯ ಲೋಪ ಉಳಿದುಬಿಟ್ಟಿದೆ.

ಮೇಕ್‌ಫೈಲಿನ ಆಜ್ಞೆಯ ಸಾಲಿಗೆ ಇಬ್ಬರು ಓದುಗರು. ಮೊದಲು ಮೇಕ್ ಓದಿ, ತನ್ನ ಚರಗಳನ್ನೂ ಫಂಕ್ಷನ್‌ಗಳನ್ನೂ ಬಿಡಿಸಿ, ಅವುಗಳ ಜಾಗದಲ್ಲಿ ಉತ್ತರ ತುಂಬುತ್ತದೆ. ಉಳಿದ ಪಠ್ಯವನ್ನು ಆಮೇಲೆ ಶೆಲ್‌ಗೆ ಒಪ್ಪಿಸುತ್ತದೆ. ಇಬ್ಬರಿಗೂ ಚರದ ಗುರುತು ಡಾಲರ್ ಚಿಹ್ನೆಯೇ. ಹಾಗಾಗಿ ಶೆಲ್‌ಗೆ ತಲುಪಬೇಕಾದ ಡಾಲರನ್ನು '$$' ಎಂದು ಎರಡು ಸಲ ಬರೆಯಬೇಕು. ಇಲ್ಲಿಂದಲೇ "ಕೆಲಸ ಮಾಡದಿದ್ದರೆ ಇನ್ನೊಂದು ಡಾಲರ್ ಸೇರಿಸು" ಎಂಬ ಮನೆಮದ್ದು ಹುಟ್ಟಿದೆ.

ಈ ಮದ್ದು ಎಲ್ಲಿ ಕೈಕೊಡುತ್ತದೆ ನೋಡಿ. ಪ್ರತಿ '.ಸಿ' ಕಡತಕ್ಕೂ ಜೋಡಿಯಾದ '.ಓ' ಕಡತವನ್ನು ಅಳಿಸಬೇಕು ಎಂದುಕೊಳ್ಳಿ. ಒಬ್ಬರು ಶೆಲ್ ಲೂಪ್ ಬರೆದು, ಅದರೊಳಗೆ ಮೇಕ್‌ನ ಪ್ಯಾಟ್‌ಸಬ್‌ಸ್ಟ್ ಫಂಕ್ಷನ್‌ಗೆ '$$ಕಡತ' ಎಂಬ ಶೆಲ್ ಚರವನ್ನು ಕೊಡುತ್ತಾರೆ. ಲೂಪ್ ಶುರುವಾಗುವ ಮೊದಲೇ ಮೇಕ್ ಆ ಫಂಕ್ಷನ್ ಮುಗಿಸಿಬಿಡುತ್ತದೆ. ಆಗ ಅದರ ಕೈಯಲ್ಲಿರುವುದು ಕಡತದ ಹೆಸರಲ್ಲ, '$ಕಡತ' ಎಂಬ ಬರೀ ಅಕ್ಷರಗಳು. ಅವು '.ಸಿ'ಯಿಂದ ಮುಗಿಯುವುದಿಲ್ಲ, ಆದ್ದರಿಂದ ಫಂಕ್ಷನ್ ಅವನ್ನು ಇದ್ದಂತೆಯೇ ಮರಳಿಸುತ್ತದೆ. ದೋಷಸಂದೇಶ ಬರುವುದಿಲ್ಲ. ಮುಂದೆ ಶೆಲ್ ಆ ಚರಕ್ಕೆ ನಿಜವಾದ ಹೆಸರು ತುಂಬಿದಾಗ ಅಳಿಸಿಹೋಗುವುದು '.ಓ' ಅಲ್ಲ, ಬರೆದವರು ಕಷ್ಟಪಟ್ಟು ಬರೆದ '.ಸಿ' ಕಡತವೇ.

ಇಲ್ಲಿ ಇನ್ನಷ್ಟು ಡಾಲರ್ ಸೇರಿಸಿ ಪ್ರಯೋಜನವಿಲ್ಲ. ನಾಲ್ಕು ಹಾಕಿದರೆ ಶೆಲ್‌ಗೆ ಎರಡು ತಲುಪುತ್ತವೆ, ಮತ್ತು ಶೆಲ್‌ನ ಭಾಷೆಯಲ್ಲಿ ಎರಡು ಡಾಲರ್ ಎಂದರೆ ಅದರದೇ ಪ್ರಕ್ರಿಯೆಯ ಸಂಖ್ಯೆ. ತೊಡಕು ಚಿಹ್ನೆಯದಲ್ಲ, ಕಾಲದ್ದು. ಚೆನ್ನೈ ಸೆಂಟ್ರಲ್‌ನಿಂದ ಬೆಂಗಳೂರಿಗೆ ಹೊರಡುವ ರೈಲಿನ ಚಾರ್ಟ್ ಮೊದಲೇ ಸಿದ್ಧವಾಗುತ್ತದೆ. ಕಾಟ್ಪಾಡಿಯಲ್ಲಿ ದಿಢೀರನೆ ಹತ್ತಿದವರ ಹೆಸರನ್ನು ಅದರಲ್ಲಿ ಹುಡುಕಿದರೆ ಸಿಗುತ್ತದೆಯೇ? ಮೇಕ್ ಚಾರ್ಟ್ ಬರೆಯುವವನು, ಶೆಲ್ ರೈಲಿನೊಳಗಿನ ಟಿಟಿಇ.

ಪರಿಹಾರ ಸರಳ: ಒಂದು ಕೆಲಸವನ್ನು ಒಬ್ಬರಿಗೇ ವಹಿಸುವುದು. ವೈಲ್ಡ್‌ಕಾರ್ಡ್‌ನಿಂದ ಪಟ್ಟಿ ಮಾಡಿ, ಪ್ಯಾಟ್‌ಸಬ್‌ಸ್ಟ್‌ನಿಂದ ಹೆಸರು ಬದಲಿಸಿ, ಸಿದ್ಧ ಪಟ್ಟಿಯನ್ನು ಅಳಿಸುವ ಆಜ್ಞೆಗೆ ಕೊಟ್ಟರೆ ಎಲ್ಲವೂ ಮೇಕ್‌ನ ಪಾಲು, ಲೂಪೇ ಬೇಡ. ಲೂಪ್ ಬೇಕೇ ಬೇಕೆಂದರೆ ಹೆಸರಿನ ತುದಿ ಕತ್ತರಿಸಲು ಶೆಲ್‌ನಲ್ಲೇ '%' ಚಿಹ್ನೆಯ ಸೌಲಭ್ಯವಿದೆ. ಎರಡರಲ್ಲಿ ಯಾವುದಾದರೂ ಸರಿ, ಬೆರಕೆ ಮಾತ್ರ ಬೇಡ.

ಹಳೆಯ ಮೇಕ್ ಬಿಟ್ಟು ಹೊಸ ಸಾಧನ ಹಿಡಿದರೆ ಈ ತಲೆನೋವೇ ಇರದು ಎನ್ನುವವರಿದ್ದಾರೆ. ಆದರೆ ಗಿಟ್‌ಹಬ್ ಆಕ್ಷನ್ಸ್‌ನಲ್ಲೂ ಜೋಡಿ ಪುಷ್ಪಾವರಣದೊಳಗಿನ ಮಾತು ಶೆಲ್ ಏಳುವ ಮೊದಲೇ ಬಿಡಿಸಿಕೊಳ್ಳುತ್ತದೆ. ಹೊರಗಿನವರು ಬರೆದ ಶೀರ್ಷಿಕೆಯೊಂದನ್ನು ಅಲ್ಲಿ ಹಾಗೆಯೇ ತುಂಬಿದರೆ ಅದು ಆಜ್ಞೆಯಾಗಿ ಓಡುವ ಅಪಾಯವೂ ಇದೆ. ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಪಠ್ಯ ಬರೆದುಕೊಡುವ ಕಡೆಯಲ್ಲೆಲ್ಲ ಇದೇ ಕಥೆ.

ಆದ್ದರಿಂದ ವಿದ್ಯಾರ್ಥಿಗೆ ಡಾಲರ್ ಎಣಿಸುವುದಕ್ಕಿಂತ ಮೊದಲು ಯಾರು, ಯಾವಾಗ ಓದುತ್ತಾರೆ ಎಂಬುದನ್ನು ಕಲಿಸಬೇಕು. ಅದಕ್ಕೆ ಬೇಕಾದ ಕನ್ನಡಿ ಮೇಕ್‌ನಲ್ಲೇ ಇದೆ. 'ಮೇಕ್ -ಎನ್' ಎಂದರೆ ಆಜ್ಞೆಗಳನ್ನು ಓಡಿಸದೆ, ಶೆಲ್‌ಗೆ ಹೋಗಲಿರುವ ಸಾಲುಗಳನ್ನು ತೆರೆಯ ಮೇಲೆ ತೋರಿಸುತ್ತದೆ. ಮೇಲಿನ ಲೂಪನ್ನು ಹೀಗೆ ಒಮ್ಮೆ ನೋಡಿದ್ದರೆ '.ಓ' ಇರಬೇಕಾದಲ್ಲಿ ಬರಿಯ '$ಕಡತ' ಕಣ್ಣಿಗೆ ಬೀಳುತ್ತಿತ್ತು, '.ಸಿ' ಕಡತಗಳು ಉಳಿಯುತ್ತಿದ್ದವು.