ದುಗ್ಗದ ಶಿಲೆ ಮತ್ತು ಬೆರ್ಬರ್ ಲಿಪಿ

ಉತ್ತರ ಆಫ್ರಿಕದ ಟ್ಯುನಿಸಿಯ ದೇಶದಲ್ಲಿ ದುಗ್ಗ ಎಂಬ ಹಾಳೂರೊಂದಿದೆ. ಪ್ರಾಚೀನ ಕಾಲದಲ್ಲಿ ತುಗ್ಗ ಎಂದು ಹೆಸರಾಗಿದ್ದ ಆ ನಗರದಲ್ಲಿ 21 ಮೀಟರು ಎತ್ತರದ ಸಮಾಧಿ ಮಂದಿರವೊಂದು ಇಂದಿಗೂ ನಿಂತಿದೆ. ಕ್ರಿ. ಪೂ. ಎರಡನೆಯ ಶತಮಾನದ ಈ ಕಟ್ಟಡದ ಗೋಡೆಯಲ್ಲಿ ಒಂದು ಶಾಸನವಿತ್ತು. ಅದರಲ್ಲಿ ಎರಡು ಬರಹಗಳು. ಒಂದೊಂದರಲ್ಲಿಯೂ 7 ಸಾಲು. ಒಂದು, ಕಾರ್ತೇಜ್ ನಗರದವರ ಪ್ಯೂನಿಕ್ ಭಾಷೆಯದು. ಇನ್ನೊಂದು, ಆ ನೆಲದ ಮೂಲ ನಿವಾಸಿಗಳಾದ ನುಮಿಡಿಯರ ಭಾಷೆಯದು. ಕಲ್ಲುಕುಟಿಗರು, ಬಡಗಿಗಳು, ಕಬ್ಬಿಣದ ಕೆಲಸಗಾರರು ಹೀಗೆ ಕಟ್ಟಡಕ್ಕಾಗಿ ದುಡಿದವರ ಹೆಸರುಗಳು ಎರಡರಲ್ಲಿಯೂ ಬಂದಿವೆ. ವಿದ್ವಾಂಸರಿಗೆ ಪ್ಯೂನಿಕ್ ಲಿಪಿಯನ್ನು ಓದಲು ಬರುತ್ತಿತ್ತು. ಅಲ್ಲಿನ ಹೆಸರುಗಳನ್ನು ಇಲ್ಲಿನ ಹೆಸರುಗಳೊಡನೆ ಅಕ್ಷರಕ್ಕೆ ಅಕ್ಷರವಾಗಿ ಹೋಲಿಸಿ ನೋಡಿ, ಅದುವರೆಗೆ ಮೂಕವಾಗಿದ್ದ ಒಂದು ಲಿಪಿಯನ್ನು ಅವರು ಮಾತನಾಡಿಸಿದರು. ಕೂಲಿಕಾರರ ಹೆಸರುಗಳು ಒಂದು ಜನಾಂಗದ ಲಿಪಿಗೆ ಬೀಗದ ಕೈಯಾದದ್ದು ಸೋಜಿಗವೇ ಸರಿ.

ಈ ಲಿಪಿಗೆ ವಿದ್ವಾಂಸರು ‘ಲಿಬಿಕ್’ ಎಂದೂ ‘ಲಿಬಿಕೋ-ಬೆರ್ಬರ್’ ಎಂದೂ ಹೆಸರಿಟ್ಟಿದ್ದಾರೆ. ಬೆರ್ಬರ್ ಎಂಬುದು ಆ ಜನ ತಾವಾಗಿ ಇಟ್ಟುಕೊಂಡ ಹೆಸರಲ್ಲ. ತಮಗೆ ಅರ್ಥವಾಗದ ಮಾತನ್ನಾಡುವವರನ್ನೆಲ್ಲ ಗ್ರೀಕರು ‘ಬಾರ್ಬರೋಸ್’ ಎಂದು ಕರೆದರು. ಆ ಶಬ್ದವೇ ಮುಂದೆ ಇವರ ಹೆಸರಾಗಿ ನಿಂತಿತು. ಕನ್ನಡದಲ್ಲಿ ಬಳಕೆಯಲ್ಲಿರುವ ‘ಬರ್ಬರ’ ಎಂಬ ಸಂಸ್ಕೃತ ಶಬ್ದವು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಅದಕ್ಕೆ ಎಷ್ಟು ಸಮೀಪವಾಗಿದೆ ಎಂಬುದನ್ನು ಗಮನಿಸಬಹುದು. ಆ ಜನ ತಮ್ಮನ್ನು ಅಮಾಜಿಗ್ ಎಂದು ಕರೆದುಕೊಳ್ಳುತ್ತಾರೆ.

ಹೆಸರಿನಲ್ಲಿಯೇ ಇಂತಹ ತಾತ್ಸಾರವನ್ನು ಹೊತ್ತ ಜನರಿಗೆ ಸ್ವಂತ ಲಿಪಿಯೊಂದು ಹೇಗೆ ಬಂದಿತು? ಈ ಪ್ರಶ್ನೆಗೆ ವಿದ್ವಾಂಸರಲ್ಲಿ ಬಹುಕಾಲದಿಂದ ಎರಡು ಪಕ್ಷಗಳಿವೆ. ಕಡಲ ವ್ಯಾಪಾರಿಗಳಾದ ಫಿನೀಷಿಯರು ಬಂದು ಕಾರ್ತೇಜನ್ನು ಕಟ್ಟಿದರು. ಅವರ ಪ್ಯೂನಿಕ್ ಅಕ್ಷರಗಳನ್ನೇ ಸ್ಥಳೀಯರು ತಿದ್ದಿಕೊಂಡರು ಎಂಬುದು ಒಂದು ಪಕ್ಷ. ಲಿಪಿಯು ಅದೇ ನೆಲದಲ್ಲಿ, ಬಂಡೆಗಳ ಮೇಲೆ ಕೊರೆದ ಗುರುತುಗಳಿಂದ ತಾನಾಗಿ ಬೆಳೆಯಿತು ಎಂಬುದು ಇನ್ನೊಂದು.

ಮೊದಲನೆಯ ಪಕ್ಷಕ್ಕೆ ಬಲವಾದ ಆಧಾರಗಳಿವೆ. ಫಿನೀಷಿಯ ಲಿಪಿಯಂತೆಯೇ ಈ ಲಿಪಿಯೂ ವ್ಯಂಜನಗಳನ್ನು ಮಾತ್ರ ಬರೆಯುತ್ತದೆ. ಕನ್ನಡವನ್ನು ಈ ಕ್ರಮದಲ್ಲಿ ಬರೆದರೆ ‘ಮರ’, ‘ಮುರಿ’, ‘ಮೂರು’, ‘ಮರೆ’ ಎಂಬ ನಾಲ್ಕು ಶಬ್ದಗಳಿಗೂ ಮಕಾರ ರಕಾರಗಳೆರಡೇ ಉಳಿಯುತ್ತವೆ. ಯಾವುದನ್ನು ಓದಬೇಕೆಂಬುದನ್ನು ಓದುಗನೇ ಸಂದರ್ಭ ನೋಡಿ ತಿಳಿಯಬೇಕು. ಇಂತಹ ವಿಶಿಷ್ಟ ಕ್ರಮವು ನೆರೆಹೊರೆಯ ಎರಡು ಜನಾಂಗಗಳಲ್ಲಿ ಪರಸ್ಪರ ಸಂಬಂಧವಿಲ್ಲದೆ ಹುಟ್ಟಿತೆಂದು ಒಪ್ಪುವುದು ಕಷ್ಟ. ತಕಾರವನ್ನು ಸೂಚಿಸುವ ಅಡ್ಡಗೀಟಿನ ಗುರುತು ಎರಡು ಲಿಪಿಗಳಲ್ಲಿಯೂ ಇದೆ. ಸಹಾರ ಮರುಭೂಮಿಯ ತುವಾರೆಗ್ ಜನರು ತಮ್ಮ ಲಿಪಿಯನ್ನು ‘ತಿಫಿನಾಗ್’ ಎನ್ನುತ್ತಾರೆ. ಈ ಹೆಸರಿಗೆ ‘ಪ್ಯೂನಿಕ್ ಅಕ್ಷರಗಳು’ ಎಂದೇ ಅನೇಕರು ಅರ್ಥ ಹೇಳಿದ್ದಾರೆ. ಅಭಿಮಾನಿಗಳಾದ ಕೆಲವರು ಇದೇ ಶಬ್ದವನ್ನು ಬೇರೆ ರೀತಿಯಲ್ಲಿ ಬಿಡಿಸಿ ‘ನಮ್ಮ ಶೋಧ’ ಎಂಬ ಅರ್ಥ ಮಾಡುವುದುಂಟು. ಅದು ಕಿವಿಗೆ ಇಂಪಾಗಿದೆಯೇ ಹೊರತು ಭಾಷಾಶಾಸ್ತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಆದರೆ ಅಕ್ಷರಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಮೊದಲನೆಯ ಪಕ್ಷ ತಡವರಿಸುತ್ತದೆ. ಪ್ಯೂನಿಕ್ ಅಕ್ಷರಗಳು ಲೇಖನಿಯ ಓಟಕ್ಕೆ ಹೊಂದಿಕೊಂಡು ಬಾಗಿ ಬಳುಕಿದವು. ಲಿಬಿಕ್ ಅಕ್ಷರಗಳಾದರೋ ಗೆರೆ, ವೃತ್ತ, ಚುಕ್ಕೆ, ಚೌಕಗಳಿಂದಾದವು. ಒಂದು ನೇರ ಗೆರೆ ಎಳೆದರೆ ನಕಾರ, ಎರಡು ಎಳೆದರೆ ಲಕಾರ, ಒಂದು ವೃತ್ತ ಬರೆದರೆ ರಕಾರ. ಆಕಾರ, ಧ್ವನಿ ಎರಡರಲ್ಲಿಯೂ ಪ್ಯೂನಿಕ್ ಲಿಪಿಯೊಡನೆ ಹೊಂದುವ ಅಕ್ಷರಗಳು ಕೆಲವೇ ಕೆಲವು. ಬರೆಯುವ ದಿಕ್ಕಿನಲ್ಲಿಯೂ ಭೇದವಿದೆ. ಪ್ಯೂನಿಕ್ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ದುಗ್ಗದ ಲಿಬಿಕ್ ಬರಹವೂ ಹಾಗೆಯೇ ಇದೆ. ಆದರೆ ದುಗ್ಗವು ಇಲ್ಲಿ ಅಪವಾದ. ಉಳಿದ ಕಡೆಗಳ ಶಾಸನಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ, ಕಂಬವನ್ನೇರುವಂತೆ ಸಾಗುತ್ತವೆ. ಪಡುವಣದ ಶಾಸನಗಳಲ್ಲಿ ದುಗ್ಗದಲ್ಲಿ ಕಾಣದ ಅಕ್ಷರಗಳೂ ಇವೆ. ಅವುಗಳ ಧ್ವನಿ ಇಂದಿಗೂ ನಿಶ್ಚಿತವಾಗಿಲ್ಲ.

ಕಾಲನಿರ್ಣಯವೇ ಈ ವಾದದ ದೊಡ್ಡ ತೊಡಕು. ದುಗ್ಗದಲ್ಲಿಯೇ 1904ರಲ್ಲಿ ದೊರೆತ ಇನ್ನೊಂದು ದ್ವಿಭಾಷಾ ಶಾಸನವು, ನುಮಿಡಿಯದ ಅರಸ ಮಸಿನಿಸ್ಸನಿಗಾಗಿ ಅವನ ಮಗ ಮಿಕಿಪ್ಸನ ಆಳ್ವಿಕೆಯ ಹತ್ತನೆಯ ವರ್ಷದಲ್ಲಿ ಕಟ್ಟಿದ ಗುಡಿಯದು. ಅಂದರೆ ಕ್ರಿ. ಪೂ. 139ರ ಸುಮಾರಿನದು. ಇಷ್ಟು ಖಚಿತವಾದ ಕಾಲವನ್ನು ತಾನೇ ಹೇಳುವ ಶಾಸನ ಈ ಲಿಪಿಯಲ್ಲಿ ಅಪೂರ್ವ. ಮೊರಾಕೊ ದೇಶದ ಎತ್ತರದ ಅಟ್ಲಾಸ್ ಪರ್ವತದಲ್ಲಿ, ಬಂಡೆಯ ಮೇಲೆ ಕೊರೆದ ಮನುಷ್ಯಾಕೃತಿಯೊಂದರ ಬಳಿ ಇರುವ ಬರಹವು ಅದಕ್ಕಿಂತ ಹಲವು ಶತಮಾನಗಳಷ್ಟು ಹಿಂದಿನದೆಂದು ಕೆಲವರು ವಾದಿಸಿದ್ದಾರೆ, ಉಳಿದವರು ಒಪ್ಪಿಲ್ಲ. ಬಂಡೆಯ ವಯಸ್ಸು ಬೇರೆ, ಅದರ ಮೇಲೆ ಗೀಚಿದ ಗೆರೆಯ ವಯಸ್ಸು ಬೇರೆ.

ಇಷ್ಟನ್ನು ತೂಗಿ ನೋಡಿದರೆ, ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತಿವೆ ಎನ್ನಬೇಕಾಗುತ್ತದೆ. ಲಿಪಿಯೆಂಬುದು ಇಡಿಯಾಗಿ ಕೊಡುವ ಅಥವಾ ಕೊಳ್ಳುವ ಪದಾರ್ಥವೆಂದು ಅವು ಭಾವಿಸಿವೆ. ಮಾತಿನ ಒಂದೊಂದು ಧ್ವನಿಗೂ ಒಂದೊಂದು ಗುರುತನ್ನಿಡಬಹುದೆಂಬ ವಿಚಾರ ಬೇರೆ. ಆ ಗುರುತುಗಳ ರೂಪ ಬೇರೆ. ವ್ಯಾಪಾರಕ್ಕೋ ಯುದ್ಧಕ್ಕೋ ಕಾರ್ತೇಜಿನವರೊಡನೆ ಸದಾ ಬೆರೆಯುತ್ತಿದ್ದ ನುಮಿಡಿಯರು ಮೊದಲನೆಯದನ್ನು ಅವರಿಂದ ಕಂಡುಕೊಂಡರು, ಎರಡನೆಯದನ್ನು ಬಹುಮಟ್ಟಿಗೆ ತಮ್ಮ ಗುರುತುಗಳ ಭಂಡಾರದಿಂದಲೇ ಆರಿಸಿಕೊಂಡರು ಎಂಬುದು ಈಗ ದೊರೆತಿರುವ ಸಾಕ್ಷ್ಯಗಳಿಗೆಲ್ಲ ಹೆಚ್ಚಾಗಿ ಹೊಂದುವ ಮಾತು. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಗ್ರೀಕರೂ ಫಿನೀಷಿಯರಿಂದಲೇ ಅಕ್ಷರ ಕಲಿತರು; ಆ ಕಾರಣದಿಂದ ಗ್ರೀಕರನ್ನು ಯಾರೂ ಬುದ್ಧಿಹೀನರೆಂದು ಕರೆಯಲಿಲ್ಲ. ಬೆರ್ಬರರ ವಿಷಯಕ್ಕೆ ಬಂದಾಗ ಮಾತ್ರ ‘ಸ್ವಂತದ್ದೇನೂ ಇಲ್ಲ’ ಎಂಬ ತೀರ್ಪು ಬೇಗನೆ ಹೊರಟುಬಿಡುತ್ತದೆ. ಅದಕ್ಕೆ ಉತ್ತರವೆಂಬಂತೆ ‘ನಮ್ಮದು ಎಲ್ಲ ಲಿಪಿಗಳಿಗಿಂತಲೂ ಪುರಾತನವಾದುದು’ ಎಂಬ ಅತಿರೇಕವೂ ಹುಟ್ಟುತ್ತದೆ.

ಮೂಲದ ಈ ಗದ್ದಲದಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಕಾರ್ತೇಜು ಕ್ರಿ. ಪೂ. 146ರಲ್ಲಿ ನಾಶವಾಯಿತು, ಅದರ ಲಿಪಿಯೂ ಕ್ರಮೇಣ ಕಣ್ಮರೆಯಾಯಿತು. ಕರಾವಳಿಯಲ್ಲಿ ಮೊದಲು ಲ್ಯಾಟಿನ್, ಅನಂತರ ಅರಬ್ಬಿ ಲಿಪಿಗಳು ನೆಲೆಯೂರಿದವು. ಆದರೆ ಸಹಾರದ ತುವಾರೆಗರಲ್ಲಿ ಹಳೆಯ ಲಿಪಿಯ ಸಂತತಿ ಉಳಿದುಕೊಂಡಿತು. ಅದನ್ನು ಉಳಿಸಿದ್ದು ಅರಮನೆಯಲ್ಲ, ಪಾಠಶಾಲೆಯಲ್ಲ. ಗುಡಾರದ ಮುಂದೆ ಕುಳಿತು, ಮರಳಿನ ಮೇಲೆ ಬೆರಳಿನಿಂದ ಬರೆದು, ತಾಯಂದಿರು ಮಕ್ಕಳಿಗೆ ಅಕ್ಷರ ಕಲಿಸಿದರು. ಗಾಳಿ ಬೀಸಿದರೆ ಅಳಿಸಿಹೋಗುವ ಬರಹವು, ಕಲ್ಲಿನಲ್ಲಿ ಕೊರೆದ ಪ್ಯೂನಿಕ್ ಬರಹಕ್ಕಿಂತ ದೀರ್ಘಕಾಲ ಬಾಳಿತು.

ಮೊರಾಕೊ ದೇಶವು 2003ರಲ್ಲಿ ತಿಫಿನಾಗ್ ಲಿಪಿಯನ್ನು ಅಮಾಜಿಗ್ ಭಾಷೆಯ ಬರವಣಿಗೆಗೆಂದು ಅಂಗೀಕರಿಸಿತು. 2011ರ ಸಂವಿಧಾನದಲ್ಲಿ ಆ ಭಾಷೆಗೆ ಅಧಿಕೃತ ಸ್ಥಾನ ದೊರೆಯಿತು. ಶಾಲೆಗಾಗಿ ಲಿಪಿಯನ್ನು ಪರಿಷ್ಕರಿಸಿ, ಸ್ವರಗಳಿಗೆ ಪ್ರತ್ಯೇಕ ಅಕ್ಷರಗಳನ್ನು ಸೇರಿಸಿ, ಎಡದಿಂದ ಬಲಕ್ಕೆ ಬರೆಯುವ ಕ್ರಮವನ್ನು ಇಟ್ಟುಕೊಳ್ಳಲಾಗಿದೆ. ದುಗ್ಗದ ಬರಹಗಾರ ಇಂದು ಎದ್ದು ಬಂದರೆ ದಿಕ್ಕು ಕಂಡು ಬೆರಗಾದಾನು. ನಕಾರದ ಒಂಟಿ ಗೆರೆಯನ್ನೂ ರಕಾರದ ವೃತ್ತವನ್ನೂ ಮಾತ್ರ ಗುರುತಿಸಿಯಾನು.

ಅವನು ಬರೆದ ಶಿಲೆ ಈಗ ದುಗ್ಗದಲ್ಲಿಲ್ಲ. ಟ್ಯುನಿಸ್ಸಿನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಥಾಮಸ್ ರೀಡ್ 1842ರಲ್ಲಿ ಅದನ್ನು ಗೋಡೆಯಿಂದ ಕೀಳಿಸಿದ. ಆ ಕೆಲಸದಲ್ಲಿ ಸಮಾಧಿ ಮಂದಿರವೇ ಕುಸಿದುಬಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಚದುರಿದ್ದ ಕಲ್ಲುಗಳನ್ನು ಜೋಡಿಸಿ ಮಂದಿರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಶಾಸನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.